ಹಸಿರು ಆಸ್ಟಿನ್‌ಗೆ ಬಿಳಿ ಬಣ್ಣ

ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದ ಮುನಿಸ್ವಾಮಪ್ಪನವರಿಗೆ ಭಾನುವಾರ ರಜೆ ಇತ್ತು, ಬಿಡುವು ಇರಲಿಲ್ಲ. ಮುಳಬಾಗಿಲು, ಕುಪ್ಪಂ, ಮಾಲೂರು ಕಡೆಯಿಂದ ಹಳೇ ಕಾರು ಕೊಳ್ಳಲು ಬಂಗಾರಪೇಟೆಗೆ ಬರುವವರು ಮೊದಲು ಅವರ ಮನೆ ಬಾಗಿಲು ತಟ್ಟುತ್ತಿದ್ದರು. ಆಲೂಗಡ್ಡೆಗೆ ಒಳ್ಳೆಯ ಬೆಲೆ ಬಂದ ವರ್ಷ ಅಂಥವರು ಹೆಚ್ಚು. ಮುನಿಸ್ವಾಮಪ್ಪ ಕಾಫಿ ಕುಡಿದು, ಹೆಗಲಿಗೆ ಟವಲು ಹಾಕಿಕೊಂಡು ಅವರ ಜೊತೆ ಬಸ್ಸು ಹತ್ತುತ್ತಿದ್ದರು.

ಅವರ ಪರೀಕ್ಷೆ ಎಂಜಿನ್ ಚಾಲೂ ಮಾಡುವ ಮೊದಲೇ ಶುರುವಾಗುತ್ತಿತ್ತು. ಬಾನೆಟ್ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಬಿಸಿ ಇದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗದ ಗಾಡಿಯನ್ನು ಮಾರುವವನು ಮೊದಲೇ ಓಡಿಸಿ ತಂದಿದ್ದಾನೆ ಎಂದು ಅರ್ಥ. ಆಮೇಲೆ ಕಿಟಕಿಯ ರಬ್ಬರನ್ನು ಉಗುರಿನಿಂದ ಎತ್ತಿ, ಅದರ ಅಡಿಯ ಬಣ್ಣವೂ ಹೊರಗಿನ ಬಣ್ಣವೂ ಒಂದೇ ಹೌದೋ ಅಲ್ಲವೋ ನೋಡುತ್ತಿದ್ದರು. ಬೇರೆಯಾಗಿದ್ದರೆ ಗಾಡಿ ಎಲ್ಲೋ ಗುದ್ದಿಸಿಕೊಂಡಿರಬೇಕು. ಆಯಿಲ್ ಕಡ್ಡಿಯನ್ನು ಮೂಸಿ, ಅದರ ತುದಿಯನ್ನು ಎರಡು ಬೆರಳಿನ ನಡುವೆ ತಿಕ್ಕಿ, ಕೊನೆಗೆ ಗಾಡಿಯಲ್ಲಿ ಕೂತು ಕೆಜಿಎಫ್ ರಸ್ತೆಯ ಏರು ಹತ್ತಿಸುತ್ತಿದ್ದರು. ಮಾರುವವನ ಎದುರು ಒಂದು ಮಾತೂ ಆಡುತ್ತಿರಲಿಲ್ಲ. ವಾಪಸು ಬಂದು ಇಳಿದ ಮೇಲೆ ಟವಲು ಎಡ ಹೆಗಲಿಗೆ ಹೋದರೆ ಕೊಳ್ಳಬಹುದು, ಬಲ ಹೆಗಲಿಗೆ ಹೋದರೆ ಬೇಡ. ಇದು ಬಂಗಾರಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ಮಾರುವವರೂ ಆ ಟವಲನ್ನೇ ನೋಡುತ್ತ ನಿಂತಿರುತ್ತಿದ್ದರು.

ಇಪ್ಪತ್ತು ವರ್ಷ ಹೀಗೆ ಬೇರೆಯವರ ಕಾರುಗಳ ಬೆಲೆ ಕಟ್ಟಿದವರ ಬಳಿ ತಮ್ಮದೇ ಒಂದು ಕಾರಿತ್ತು. ಆಸ್ಟಿನ್, ಐವತ್ತನೇ ಇಸವಿಯದು. ಪಕ್ಕದ ನಂದಿದುರ್ಗ ಗಣಿಯ ಬಂಗಲೆಯಲ್ಲಿದ್ದ ಇಂಗ್ಲಿಷ್ ಎಂಜಿನಿಯರ್ ಊರಿಗೆ ಹೊರಟಾಗ ಬಿಟ್ಟು ಹೋಗಿದ್ದು, ಮೂರು ಕೈ ದಾಟಿ ಇವರ ಹತ್ತಿರ ಬಂದಿತ್ತು. ಎಂಜಿನ್ನನ್ನು ಎರಡು ಸಲ ಬಿಚ್ಚಿ ಕಟ್ಟಿದ್ದರು. ಸಿಗದ ಬಿಡಿಭಾಗಗಳನ್ನು ಗ್ಯಾರೇಜಿನ ಲೇತಿನಲ್ಲಿ ತಾವೇ ಕಡೆದು ಹಾಕಿದ್ದರು. ಮೈಗೆ ಮಾತ್ರ ಕೈ ಹಚ್ಚಿರಲಿಲ್ಲ. ಬಂದಾಗಿದ್ದ ಹಸಿರು ಬಣ್ಣ ಬಿಸಿಲಿಗೆ ಸಪ್ಪೆಯಾಗಿ, ಒಣಗಿದ ಬಾಳೆ ಎಲೆಯ ಹಾಗೆ ಕಾಣುತ್ತಿತ್ತು. ಚರ್ಮದ ಸೀಟುಗಳು ಬಿರುಕು ಬಿಟ್ಟಿದ್ದವು.

ಎಂಬತ್ತೇಳರ ಏಪ್ರಿಲ್ ಕೊನೆಗೆ ಅವರು ನಿವೃತ್ತರಾಗಬೇಕಿತ್ತು. ಕ್ವಾರ್ಟರ್ಸನ್ನೂ ಅದರ ಪಕ್ಕದ ತಗಡಿನ ಶೆಡ್ಡನ್ನೂ ಬಿಟ್ಟುಕೊಟ್ಟು, ಕಾಮಸಮುದ್ರದ ಆಚೆ ಹೆಂಡತಿಯ ಊರಿನಲ್ಲಿ ಕಟ್ಟಿಸಿದ ಸಣ್ಣ ಮನೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಆ ಮನೆಯ ಓಣಿಯಲ್ಲಿ ಎರಡು ದನ ಎದುರುಬದುರು ಬಂದರೆ ಒಂದು ಹಿಂದಕ್ಕೆ ಸರಿಯಬೇಕು. ಅಲ್ಲದೆ ಎಡ ಮೊಣಕಾಲು ಕ್ಲಚ್ ಒತ್ತಿದಾಗೆಲ್ಲ ಕತ್ತರಿಸಿದಂತೆ ನೋಯುತ್ತಿತ್ತು. ಕಾರು ಕೊಡಲೇಬೇಕು. ಗುಜರಿಯವನೊಬ್ಬ ಆಗಲೇ ಬಂದು, ಕೋಲಿನಿಂದ ಅದರ ನೆತ್ತಿ ತಟ್ಟಿ, ತಗಡಿನ ತೂಕ ಅಂದಾಜು ಮಾಡಿಕೊಂಡು ಹೋಗಿದ್ದ. ಅವನ ಕೈಗೆ ಮಾತ್ರ ಕೊಡಬಾರದು, ಓಡುವ ಕಾರು ಓಡುವ ಕಾರಾಗಿಯೇ ಇನ್ನೊಬ್ಬರನ್ನು ಸೇರಬೇಕು. ಮುನಿಸ್ವಾಮಪ್ಪ ಬಯಸಿದ್ದು ಇಷ್ಟೇ.

ಮಾರ್ಚಿನಲ್ಲಿ ಬೆಂಗಳೂರಿನಿಂದ ಡಾಕ್ಟರ್ ಶ್ರೀಕಂಠಯ್ಯ ಎನ್ನುವವರು ಬಂದರು. ಹಳೆಯ ಕಾರುಗಳ ಹುಚ್ಚಿನವರು. ಆಸ್ಟಿನ್ನಿನ ಸುತ್ತ ಎರಡು ಸುತ್ತು ಬಂದು, ಸೀಟಿನ ಬಿರುಕಿನ ಮೇಲೆ ಬೆರಳಾಡಿಸಿ, ಹೊರಡುವಾಗ ಹೇಳಿದರು: "ಮುನಿಸ್ವಾಮಪ್ಪನವರೇ, ಇದಕ್ಕೆ ಏನೂ ಮಾಡಬೇಡಿ. ಒರೆಸೋದೂ ಬೇಡ. ಹೀಗೇ ಇರಲಿ. ಮುಂದಿನ ತಿಂಗಳು ನನ್ನ ಸ್ನೇಹಿತರನ್ನ ಕರ್ಕೊಂಡು ಬರ್ತೀನಿ."

ಅವತ್ತು ಊಟದ ಹೊತ್ತಿಗೆ ಬಾಮೈದ ಬಚ್ಚಪ್ಪನೂ ಬಂದಿದ್ದ. ಕಾಮಸಮುದ್ರದ ಕಡೆ ಎಮ್ಮೆ ಸಾಕಿಕೊಂಡು, ಡೈರಿಗೆ ಹಾಲು ಹಾಕುತ್ತಿದ್ದವನು.

"ಏನೂ ಮಾಡ್ಬೇಡಿ ಅಂದ್ರಾ?" ಮುನಿನಾರಾಯಣಮ್ಮ ಗಂಡನ ತಟ್ಟೆಗೆ ಮುದ್ದೆ ಇಡುತ್ತ ಕೇಳಿದರು.

"ಊಂ. ಒರೆಸಲೂ ಬೇಡ ಅಂತೆ."

ಬಚ್ಚಪ್ಪ ಜೋರಾಗಿ ನಕ್ಕ. "ಬಾವ, ದನದ ಸಂತೆನಾಗೂ ಕೊಳ್ಳೋನು ಇಂಗೇ ಅನ್ನೋದು. 'ಯಾಕಣ್ಣ ಕೊಂಬು ಎರೀತೀಯಾ, ಯಾಕೆ ಮೈ ತೊಳೀತೀಯಾ, ಇರೋ ಅಂಗೇ ಇಡ್ಕೊಂಬಾ' ಅಂತಾನೆ. ನಂಬ್ಕೊಂಡು ಓದ್ರೆ, 'ಇದೇನಣ್ಣ ಇಂಥ ಬಡಕಲು' ಅಂತ ನಾಕು ಜನದ ಮುಂದೆ ಮೂಗು ಮುರ್ದು ಬೆಲೆ ಇಳಿಸ್ತಾನೆ. ಜೊತೆಗೆ ಸ್ನೇಹಿತ್ರನ್ನ ಬೇರೆ ಕರ್ಕೊಂಡು ಬತ್ತಾನಂತೆ!"

ಮುನಿಸ್ವಾಮಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದರು. ಬಂಗಾರಪೇಟೆಯಲ್ಲಿ ಅವರೂ ಇದನ್ನೇ ಕಂಡಿದ್ದರು. 'ಏನೂ ಬೇಡ' ಎಂದ ಕೊಳ್ಳುವವನು ಬಂದು ಒಂದೊಂದು ಗೀರನ್ನೂ ಬೆರಳಿಟ್ಟು ತೋರಿಸುತ್ತಾನೆ. ರೈತರು ಮೊದಲು ನೋಡುವುದು ಬಣ್ಣ, ಆಮೇಲೆ ಸೀಟು, ಕೊನೆಗೆ ಎಂಜಿನ್. ಈ ವಿಷಯದಲ್ಲಿ ಅವರ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಮರುದಿನ ರಾಬರ್ಟ್‌ಸನ್‌ಪೇಟೆಯ ಪೇಂಟರ್ ಆರುಮುಗಂಗೆ ಹೇಳಿಕಳಿಸಿದರು. ಆರುಮುಗಂ ಕಾರನ್ನು ನೋಡಿ ತಲೆ ಕೆರೆದುಕೊಂಡ. "ಅಣ್ಣೇ, ಈ ಪಚ್ಚೆ ಬೇಡ. ಅಂಬಾಸಿಡರ್ ಬಿಳಿ ಹೊಡೀತೀನಿ. ಪಕ್ಕದಾಗೆ ಒಂದು ಕೆಂಪು ಗೆರೆ. ಮಂತ್ರಿ ಗಾಡಿ ಮಾದರಿ ಇರ್ತದೆ."

ಹಸಿರನ್ನು ಎಮರಿ ಕಾಗದದಿಂದ ಉಜ್ಜಿ ತೆಗೆಯಲು ಬಚ್ಚಪ್ಪನೂ ಕೂತ. ಅವನಿಗೆ ಆ ಕಾರಿನ ಮೇಲೆ ಅಂಥ ಪ್ರೀತಿ ಏನಿರಲಿಲ್ಲ. "ನಮ್ಮ ಎಮ್ಮೆ ಇದಕ್ಕಿಂತ ಕಮ್ಮಿ ಉಣ್ತದೆ, ಡೈರಿಗೆ ಆಲೂ ಕೊಡ್ತದೆ" ಎನ್ನುತ್ತಲೇ ಉಜ್ಜಿದ. ಬಾವನ ಮೇಲಿನ ಪ್ರೀತಿಯಿಂದ ಭುಜ ನೋಯುವವರೆಗೂ ಉಜ್ಜಿದ. ಮೂರು ಕೋಟು ಬಿಳಿ ಬಣ್ಣ ಬಿತ್ತು. ಸೀಟುಗಳಿಗೆ ಕೆಂಪು ರೆಕ್ಸಿನ್ ಬಂತು. ಬಿಚ್ಚಿದ ಚರ್ಮವನ್ನು ಮುನಿಸ್ವಾಮಪ್ಪ ಗಣಿ ಗೇಟಿನ ಹತ್ತಿರ ಚಪ್ಪಲಿ ಹೊಲಿಯುವವನಿಗೆ ಕೊಟ್ಟರು.

ಏಪ್ರಿಲ್ ನಡುವಿನ ಒಂದು ಭಾನುವಾರ ಡಾಕ್ಟರು ಬಂದರು. ಜೊತೆಗಿದ್ದ ಸ್ನೇಹಿತರು ಒಬ್ಬರೇ, ಕೊರಳಲ್ಲಿ ಕ್ಯಾಮೆರಾ. ಶೆಡ್ಡಿನ ಬಾಗಿಲು ತೆರೆದಾಗ ಬಿಸಿಲು ನೇರವಾಗಿ ಬಿಳಿ ಬಾನೆಟ್ ಮೇಲೆ ಬಿದ್ದು ಕಣ್ಣು ಕುಕ್ಕಿತು. ಡಾಕ್ಟರು ಒಳಗೆ ಹೆಜ್ಜೆ ಇಡಲಿಲ್ಲ.

"ಇದು ಅದೇ ಕಾರೇ?"

"ಅದೇ ಸಾರ್," ಎಂದರು ಮುನಿಸ್ವಾಮಪ್ಪ, ಸಂತೋಷದಿಂದ. "ಒಳ್ಳೆ ಪೇಂಟರ್ ಕೈಲಿ ಮಾಡಿಸ್ದೆ. ಮೂರು ಕೋಟು."

"ಸೀಟಿನ ಚರ್ಮ?"

"ಸೀಳಿತ್ತಲ್ಲ ಸಾರ್, ತೆಗೆಸ್ದೆ. ರೆಕ್ಸಿನ್ ಆಕ್ಸಿದ್ದೀನಿ."

"ಆ ಚರ್ಮ ಎಲ್ಲಿದೆ ಈಗ?"

"ಚಪ್ಪಲಿ ಒಲಿಯೋರಿಗೆ ಕೊಟ್ಬಿಟ್ಟೆ ಸಾರ್. ಅವರು ಆಗಲೇ ಕತ್ತರಿಸಿ ಆಯ್ತು."

ಸ್ನೇಹಿತರು ಕ್ಯಾಮೆರಾದ ಮುಚ್ಚಳ ತೆಗೆದವರು ಮತ್ತೆ ಹಾಕಿದರು. ಡಾಕ್ಟರು ಒರಟು ಮನುಷ್ಯರಲ್ಲ. ಶೆಡ್ಡಿನ ಹೊರಗಿದ್ದ ಕಲ್ಲಿನ ಮೇಲೆ ಕೂತು, ಮುನಿಸ್ವಾಮಪ್ಪನವರನ್ನೂ ಕೂರಿಸಿಕೊಂಡು ಹೇಳಿದರು.

"ಆ ಹಸಿರು ಕಾರ್ಖಾನೆಯಲ್ಲೇ ಹೊಡೆದದ್ದು. ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಎಂಜಿನ್ನು ಯಾರು ಬೇಕಾದರೂ ಸರಿಮಾಡಬಹುದು, ಬಣ್ಣ ಯಾವಾಗ ಬೇಕಾದರೂ ಹೊಡೆಯಬಹುದು. ಆ ಬಣ್ಣ ಮತ್ತೆ ಬರೋದಿಲ್ಲ."

"ಸಪ್ಪೆಯಾಗಿತ್ತಲ್ಲ ಸಾರ್?"

"ನಮಗೆ ಬೇಕಾಗಿದ್ದು ಅದೇ."

ಮುನಿಸ್ವಾಮಪ್ಪ ಮಾತನ್ನು ಅರ್ಥ ಮಾಡಿಕೊಳ್ಳಲು ನೋಡಿದರು. ತಾವು ಇಪ್ಪತ್ತು ವರ್ಷ ಹಿಡಿದಿದ್ದ ತಕ್ಕಡಿ ಸುಳ್ಳಲ್ಲ, ಇವರದೂ ಸುಳ್ಳಲ್ಲ. ಒಂದರಲ್ಲಿ ಭಾರವಾದದ್ದು ಇನ್ನೊಂದರಲ್ಲಿ ಹಗುರವಾಗುತ್ತಿತ್ತು, ಅಷ್ಟೇ. ಅವರಿಗೆ ಸಿಟ್ಟು ಬರಲಿಲ್ಲ. ಸುಸ್ತಾಯಿತು. ಮೇಲೇಳಲು ಕಲ್ಲಿಗೆ ಎರಡೂ ಕೈ ಊರಬೇಕಾಯಿತು.

"ಎಂಜಿನ್ ಒಂದು ಸಲ ಕೇಳ್ತೀರಾ ಸಾರ್?"

ಕೇಳಿದರು. ಡಾಕ್ಟರು ಬಾನೆಟ್ಟಿನ ಮೇಲೆ ಬಾಗಿ ತುಂಬ ಹೊತ್ತು ನಿಂತಿದ್ದರು. "ಇಷ್ಟು ನಯವಾಗಿ ಓಡೋ ಆಸ್ಟಿನ್ ನಾನು ಕೇಳಿಲ್ಲ," ಎಂದರು. ಆ ಮಾತು ನಿಜವಾಗಿತ್ತು, ಅದಕ್ಕೇ ಮುಂದಿನದನ್ನು ಹೇಳುವುದು ಇನ್ನೂ ಕಷ್ಟವಾಯಿತು. "ನಿಮಗೆ ಬೇಜಾರಿಲ್ಲ ಅಂದರೆ ಒಂದು ಮಾತು. ನನ್ನ ಹತ್ತಿರ ಇಂಥದೇ ಒಂದಿದೆ. ಮುಂದಿನ ಜಾಲರಿ ಇಲ್ಲ, ಬಾಗಿಲು ತುಕ್ಕು ಹಿಡಿದಿದೆ, ಎಂಜಿನ್ ಬ್ಲಾಕ್ ಸೀಳಿದೆ. ಇದರಿಂದ ತೆಗೆದು ಅದಕ್ಕೆ ಹಾಕಿದರೆ ಅದೊಂದು ಉಳಿಯುತ್ತೆ. ಗುಜರಿಯವರಿಗಿಂತ ಎಷ್ಟೋ ಹೆಚ್ಚು ಕೊಡ್ತೀನಿ."

"ಮಿಕ್ಕಿದ್ದು?"

"ಮಿಕ್ಕಿದ್ದು ಗುಜರಿಯವರೇ ತಗೊಳ್ತಾರೆ."

ಇದರಲ್ಲಿ ತಪ್ಪು ಹುಡುಕಲು ಮುನಿಸ್ವಾಮಪ್ಪನವರಿಂದ ಆಗಲಿಲ್ಲ. ಗ್ಯಾರೇಜಿನಲ್ಲಿ ಎರಡು ಲಾರಿ ಬಿಚ್ಚಿ ಒಂದು ಲಾರಿ ಮಾಡಿದವರು ಅವರೇ. ಟವಲಿನಿಂದ ಕುತ್ತಿಗೆ ಒರೆಸಿಕೊಂಡು, ನಿಧಾನವಾಗಿ ಹೇಳಿದರು: "ನಿಂತಿರೋದನ್ನ ಬಿಚ್ಚಿ ಓಡೋದಕ್ಕೆ ಎಷ್ಟೋ ಸಲ ಆಕಿದ್ದೀನಿ ಸಾರ್. ಓಡೋದನ್ನ ಬಿಚ್ಚಿ ನಿಂತಿರೋದಕ್ಕೆ ಆಕೋಕೆ ಕೈ ಬರಲ್ಲ."

ಡಾಕ್ಟರು ಒತ್ತಾಯಿಸಲಿಲ್ಲ. ಅವರ ಕಾರಿನಲ್ಲಿ ಇನ್ನೊಂದು ಕೊರತೆ ಇದ್ದದ್ದು ಮಾತಿನ ನಡುವೆ ಹೊರಬಂದಿತ್ತು. ತಿರುಗುವಾಗ ಬಾಗಿಲ ಪಕ್ಕದ ಕಂಬದಿಂದ ಕೈಯಂತೆ ಚಾಚಿಕೊಳ್ಳುವ ಸಣ್ಣ ಸಿಗ್ನಲ್ ಕಡ್ಡಿಗಳು ಅದರಲ್ಲಿ ಇರಲಿಲ್ಲ. ಮುನಿಸ್ವಾಮಪ್ಪ ಸ್ಕ್ರೂಡ್ರೈವರ್ ತಂದರು. ಆರುಮುಗಂ ಅವುಗಳ ಮೇಲೂ ಬಣ್ಣ ಬಳಿದಿದ್ದರಿಂದ ಅಂಟಿಕೊಂಡಿದ್ದವು. ಬಲಗಡೆಯದನ್ನು ಎಬ್ಬಿಸುವಾಗ ಹೊಸ ಬಿಳುಪು ರೂಪಾಯಿ ಅಗಲ ಕಿತ್ತು ಬಂತು. ಎರಡನ್ನೂ ಹಳೇ ಪೇಪರಿನಲ್ಲಿ ಸುತ್ತಿ ಡಾಕ್ಟರ ಕೈಗಿಟ್ಟರು. "ಇದಕ್ಕೆ ದುಡ್ಡು ಬೇಡ. ನಮ್ಮ ಕಡೆ ಎಲ್ಲರೂ ಕಿಟಕಿಯಿಂದ ಕೈ ಆಚೆ ಆಕಿನೇ ತೋರ್ಸೋದು."

ಅವರು ಹೋದ ಮೇಲೆ ಬಚ್ಚಪ್ಪ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ. ಮುನಿನಾರಾಯಣಮ್ಮ ತಮ್ಮನನ್ನು ಬಿಡಲಿಲ್ಲ. "ದನದ ಸಂತೆ ಅಂತೆ, ಕೊಂಬು ಎರೆಯೋದಂತೆ! ಎರೆದೆಯಲ್ಲ, ಈಗ ನೀನೇ ಇಡ್ಕೊಂಡು ಓಗು."

"ಓತೀನಿ ಬಿಡಕ್ಕ," ಎಂದ ಬಚ್ಚಪ್ಪ.

ತಮಾಷೆಗೆ ಅಂದನೆಂದು ಇಬ್ಬರೂ ಎಣಿಸಿದರು. ಅವನು ಬೀಡಿ ಆರಿಸಿ ಎದ್ದು ಬಂದ. "ಬಾವ, ನಮ್ಮ ಕಡೆ ಗಂಡಿನ ಮೆರವಣಿಗೆಗೆ ಕಾರು ಬೇಕಂದ್ರೆ ಬಂಗಾರಪೇಟೆಗೇ ಬರಬೇಕು. ಚಿಕ್ಕವೆಂಕಟಪ್ಪನ ಮಗನ ಮದುವೆಗೆ ಕಾರು ಸರಿಯಾದ ಒತ್ತಿಗೆ ಬರಲಿಲ್ಲ ಅಂತ ಗಂಡನ್ನ ಟ್ರ್ಯಾಕ್ಟರ್ ಮೇಲೆ ಕೂರಿಸಿದ್ರು. ಇದು ನೋಡು, ಬಿಳಿ ಮೈ, ಕೆಂಪು ಸೀಟು. ಊವು ಕಟ್ಟಿದ್ರೆ ಯಾರು ಬೇಡ ಅಂತಾರೆ? ಎಮ್ಮೆಗಳ್ನ ಆಚೆ ಚಪ್ಪರಕ್ಕೆ ಕಟ್ತೀನಿ. ಕೊಟ್ಟಿಗೆ ರಸ್ತೆ ಮೇಲೇ ಐತೆ."

ಮುನಿಸ್ವಾಮಪ್ಪ ಬಾಮೈದನನ್ನೇ ದಿಟ್ಟಿಸಿದರು. ಅದೂ ಒಂದು ಬೆಲೆ ಕಟ್ಟುವ ನೋಟವೇ. "ವಾಲಗದೋರ ಇಂದೆ ನಡೆಯೋ ಗಾಡಿ ಕಾಯ್ತದೆ ಕಣ್ಲಾ. ನೀರು ಕುದೀತದೆ. ಕ್ಲಚ್ಚು ಸುಟ್ಟೋಯ್ತದೆ. ಆಯಸ್ಸು ಕಮ್ಮಿ ಆಯ್ತದೆ."

"ಗುಜರಿಯೋನ ಅತ್ರ ಎಷ್ಟು ಆಯಸ್ಸು, ಬಾವ?"

ಮನೆ ಖಾಲಿ ಮಾಡಿದ ದಿನ ಸಾಮಾನಿನ ಲಾರಿಯ ಹಿಂದೆ ಆಸ್ಟಿನ್ನೂ ಚಾಂಪಿಯನ್ ರೀಫ್ಸ್ ಬಿಟ್ಟಿತು. ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ಮುನಿಸ್ವಾಮಪ್ಪನವರೇ ಓಡಿಸಿದರು. ಬಚ್ಚಪ್ಪನಿಗೆ ಎತ್ತಿನ ಗಾಡಿ, ಸೈಕಲ್ಲು ಬಿಟ್ಟರೆ ಬೇರೆ ಬರುತ್ತಿರಲಿಲ್ಲ.

ಮೊದಲ ಮೆರವಣಿಗೆ ಮೇ ತಿಂಗಳಲ್ಲಿ, ಮುಹೂರ್ತ ಮುಗಿದ ಮೇಲೆ ಬೆಳಿಗ್ಗೆ. ಬಾನೆಟ್ಟಿಗೆ ಕನಕಾಂಬರ, ಸುಗಂಧರಾಜ. ಹೆಣ್ಣುಗಂಡು ಹಿಂದೆ ಕೂತಿದ್ದರು. ವಾಲಗದವರು ಮುಂದೆ, ಪ್ರತಿ ಮನೆ ಎದುರು ಆರತಿಗೆ ನಿಲ್ಲುತ್ತ ನಡೆದರು. ಊರ ಕಟ್ಟೆ ದಾಟುವ ಮೊದಲೇ ರೇಡಿಯೇಟರಿನ ಕುದಿತ ಮುನಿಸ್ವಾಮಪ್ಪನವರ ಕಿವಿಗೆ ಬಿತ್ತು. ಕ್ಲಚ್ ಒತ್ತಿ ಒತ್ತಿ ಮೊಣಕಾಲು ಉರಿಯುತ್ತಿತ್ತು. ಅವರು ಎಂಜಿನ್ ಆರಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ತಳ್ರಪ್ಪಾ."

"ಕೆಟ್ಟೋಯ್ತಾ ತಾತ?" ಎಂದು ಮದುಮಗ ಗಾಬರಿಯಾದ.

"ಕೆಟ್ಟಿಲ್ಲ. ನೀನು ಕೂತ್ಕೋ."

"ಲೇ, ತಳ್ರಲಾ, ನಿಮ್ಮ ಮದುವೇಲೂ ಇದೇ ಬತ್ತದೆ!" ಎಂದು ಬಚ್ಚಪ್ಪ ತಾನೇ ಹಿಂದಿನಿಂದ ಭುಜ ಕೊಟ್ಟ. ಗಂಡಿನ ಸ್ನೇಹಿತರು ಕೇಕೆ ಹಾಕುತ್ತ ಕೈಕೊಟ್ಟರು. ಗುಡಿಯವರೆಗೆ ಆಸ್ಟಿನ್ ಸದ್ದಿಲ್ಲದೆ, ಮನುಷ್ಯರ ತೋಳಿನ ಮೇಲೆ ಹೋಯಿತು. ಮುನಿಸ್ವಾಮಪ್ಪ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಓಡಲಿ ಎಂದು ಉಳಿಸಿಕೊಂಡ ಕಾರನ್ನು ಜನ ನೂಕುತ್ತಿದ್ದರು. ನಗಬೇಕೆನಿಸಿತು, ನಗುವಷ್ಟು ತ್ರಾಣ ಇರಲಿಲ್ಲ.

ಗುಡಿಯ ಮುಂದೆ ಹೆಣ್ಣುಗಂಡು ಇಳಿದರು. ಬಚ್ಚಪ್ಪ ಬೆವರು ಒರೆಸಿಕೊಳ್ಳುತ್ತ ಪಕ್ಕದಲ್ಲಿ ಬಂದು ಕೂತ. "ಕೊಟ್ಟಿಗೆಗೆ ಬಿಡಾನಾ, ಬಾವ?"

"ಇಲ್ಲ. ಇಂಗೇ ನಿಂತ್ರೆ ಪ್ಲಗ್ಗು ಮಸಿ ಇಡೀತದೆ. ಒಂದು ಕಿತ ಓಡಬೇಕು."

ನೀರು ತುಂಬಿ, ಕಾಮಸಮುದ್ರದ ರಸ್ತೆಗೆ ತಿರುಗಿಸಿದರು. ಖಾಲಿ ರಸ್ತೆಯಲ್ಲಿ ಆಸ್ಟಿನ್ ನಾಲ್ಕನೇ ಗೇರಿಗೆ ಬಂದು ಗಂಟಲು ಬಿಟ್ಟಿತು. ಹೂವಿನ ಸರ ಗಾಳಿಗೆ ಕಿತ್ತು ಗಾಜಿಗೆ ಬಡಿದು ಹಿಂದಕ್ಕೆ ಹಾರಿತು. ಎರಡು ಮೈಲಿಗೆ ಮೊಣಕಾಲು ಸೋತಿತು. ಬೇವಿನ ಮರದ ಕೆಳಗೆ ನಿಲ್ಲಿಸಿ, ಬಾಗಿಲು ತೆಗೆದು, ಮುಂದುಗಡೆಯಿಂದ ಕೈ ಊರುತ್ತ ಸುತ್ತಿ ಬಂದು ಎಡಗಡೆ ನಿಂತರು.

"ಏಳು. ಆ ಕಡೆ ಓಗು."

"ನಾನಾ? ಬಾವ, ನಂಗೆ..."

"ಇನ್ನು ನನ್ನ ಕೈಲಾಗಲ್ಲ." ಬಚ್ಚಪ್ಪ ಸ್ಟಿಯರಿಂಗಿನ ಹಿಂದೆ ಕೂತ ಮೇಲೆ ತಾವು ಎಡಗಡೆ ಕೂತು, ಕ್ಲಚ್ಚಿನತ್ತ ಕೈ ತೋರಿಸಿದರು. "ಎಡಗಾಲು ಇದರ ಮೇಲೆ ಇಡು. ಪೂರ್ತಿ ಒತ್ತು. ಈಗ ನಿಧಾನಕ್ಕೆ ಬಿಡು. ನಿಧಾನಕ್ಕೆ ಅಂದ್ನಲ್ಲ!"

ಕಾರು ಕಪ್ಪೆಯಂತೆ ಒಂದು ಸಲ ಹಾರಿ ನಿಂತುಹೋಯಿತು. ಗೇರಿನ ಹಲ್ಲು ಕರಕರ ಎಂದದ್ದಕ್ಕೆ ಮುನಿಸ್ವಾಮಪ್ಪ ತಮ್ಮದೇ ಹಲ್ಲು ಕಚ್ಚಿದರು. ಆಮೇಲೆ ಕಾಲನ್ನು ಮುಂದಕ್ಕೆ ಚಾಚಿ, ಕೆಂಪು ರೆಕ್ಸಿನ್ನಿಗೆ ಒರಗಿ ಕಣ್ಣು ಮುಚ್ಚಿದರು.

"ಇನ್ನೊಂದು ಕಿತ," ಎಂದರು.