ಮುರುಕುಕೊಂಬಿನ ಟಗರನ್ನು ತಿಂದವರು ಯಾರು?

ಕುಡಿತ ಬಿಟ್ಟವರ ನಮ್ಮ ಗುಂಪು ಗುರುವಾರ ಸಂಜೆ ಕಂಪಲಾಪುರದ ಹತ್ತಿರ ಒಬ್ಬರ ಖಾಲಿ ಬ್ಯಾರನ್ನಿನಲ್ಲಿ ಸೇರುತ್ತದೆ. ಹೊಗೆಸೊಪ್ಪು ಬೇಯಿಸುವ ಜಾಗದಲ್ಲಿ ಕೂತು ಚಟ ಬಿಡುವ ಮಾತಾಡುವುದು ನಮಗ್ಯಾರಿಗೂ ವಿಚಿತ್ರ ಅನ್ನಿಸಿಲ್ಲ. ಇರುವುದು ಒಂದೇ ಕಟ್ಟಳೆ: ಒಳಗೆ ಆಡಿದ್ದನ್ನು ಹೊರಗೆ ಆಡುವಂತಿಲ್ಲ. ನಾನೂ ಮಾತು ಕೊಟ್ಟಿದ್ದೆ.

ಹೋದ ವರ್ಷ, ಪಿತೃಪಕ್ಷದ ಎಡೆಗೆಂದು ಸಾಕಿದ್ದ ನಮ್ಮ ಟಗರು ಕೊಟ್ಟಿಗೆಯಿಂದ ಮಾಯವಾಗಿತ್ತು. ಹಿಂದಿನ ದಿನ ಹನಗೋಡಿನಿಂದ ಬಂದುಹೋಗಿದ್ದ ಬಾಮೈದನ ಮೇಲೆ ನಾನು ಕಳ್ಳತನ ಹೊರಿಸಿದೆ. ಅವನು ಬರುವುದನ್ನು ಬಿಟ್ಟ. ನನ್ನ ಹೆಂಡತಿ ಮಾತು ಬಿಟ್ಟಳು. ನನಗೆ ಹೇಳಬೇಕಾದ್ದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದಳು.

ಮೊನ್ನೆ ಗುಂಪಿನಲ್ಲಿ ಹೊಸಬನೊಬ್ಬ ಎದ್ದುನಿಂತು ಅತ್ತ. "ಅಮಲ್ನಾಗೆ ಯಾರ್ದೋ ಟಗರು ಒಡ್ಕಂಡೋದೆ ಕಣಣ್ಣ. ಪಿತೃಪಕ್ಸಕ್ಕೆ ಸಾಕಿದ್ರಂತೆ, ಪಾಪ. ಒಂದು ಕೊಂಬು ಮುರ್ದಿತ್ತು. ಫ್ರೆಂಡ್ಸೆಲ್ಲ ಸೇರ್ಕಂಡು ತಿಂದ್ಬುಟ್ವಿ."

ಆ ಕೊಂಬು ನಮ್ಮ ಜಗಲಿಗೆ ಗುದ್ದಿಯೇ ಮುರಿದದ್ದು! ನಿಜ ಹೇಳಿದವನಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಹಲ್ಲು ಕಡಿಯುತ್ತಾ ನಾನೂ ತಟ್ಟಿದೆ.

ಮರುದಿನವೇ ಹುಣಸೂರಿನ ವಕೀಲರ ಹತ್ತಿರ ಓಡಿದೆ. ನನ್ನ ಸ್ನೇಹಿತನೊಬ್ಬನಿಗೆ ಹೀಗಾಗಿದೆ, ಅವನು ಬಾಯಿ ಬಿಡಬಹುದೇ ಎಂದು ಕೇಳಿದೆ.

"ಕೋರ್ಟು ಕರೆದ್ರೆ ಹೇಳ್ಬೇಕಾಗ್ಬೋದು ಕಣ್ರೀ. ಅಲ್ಲೀತನಕ ಅವರವರು ಕೊಟ್ಟ ಮಾತು, ಅವರವರ ಮರ್ಯಾದೆ" ಅಂದರು. ಆಮೇಲೆ ಕನ್ನಡಕ ಒರೆಸುತ್ತಾ, "ಸಣ್ಣ ಮರೀನಾ?" ಅಂದರು.

"ಮರಿಯಲ್ಲ ಸ್ವಾಮಿ, ಕರು ಗಾತ್ರ ಇತ್ತು ನನ್ ಟಗರು!" ಎಂದು ಕೂಗಿಬಿಟ್ಟೆ. ಸ್ನೇಹಿತನ ಕತೆ ಅಲ್ಲಿಗೆ ಮುಗಿಯಿತು.

ಬಾಯಿ ಬಿಟ್ಟರೆ ಆ ಹೊಸಬ ಬ್ಯಾರನ್ ಬಿಟ್ಟು ನೆಟ್ಟಗೆ ಬಾರಿಗೆ ಹೋಗುತ್ತಾನೆ. ಬಿಡದಿದ್ದರೆ ಬಾಮೈದ ಕಳ್ಳನಾಗಿಯೇ ಉಳಿಯುತ್ತಾನೆ. ಎರಡು ದಿನ ಅನ್ನ ಸೇರಲಿಲ್ಲ. ಕೊನೆಗೆ ಹೆಂಡತಿಯ ಮುಂದೆ ನಿಂತು, "ಟಗರು ಕದ್ದಿದ್ದು ನಿನ್ ತಮ್ಮ ಅಲ್ಲ ಕಣೆ" ಅಂದೆ.

"ಮತ್ಯಾರು?"

ನಾನು ಸೂರು ನೋಡಿದೆ.

"ಗೊತ್ತಾಯ್ತು ಬುಡಿ. ಆಗ ನೀವೂ ಕುಡೀತಿದ್ರಲ್ಲ. ನೀವೇ ಒಡ್ಕಂಡೋಗಿ ತಿಂದು, ನನ್ ತಮ್ಮನ್ ತಲೆಗೆ ಕಟ್ಟುದ್ರಿ!"

ಅದರ ಒಂದು ತುಂಡೂ ನನ್ನ ಬಾಯಿಗೆ ಬಿದ್ದಿರಲಿಲ್ಲ. ಆದರೂ "ಹೂಂ" ಅಂದೆ.

ಭಾನುವಾರ ಬಾಮೈದ ಊಟಕ್ಕೆ ಬಂದ. ಮಟನ್ ಸಾರು ಘಮಘಮ ಅನ್ನುತ್ತಿತ್ತು. ಅವನ ಮುದ್ದೆಯ ಸುತ್ತ ತುಂಡುಗಳನ್ನು ರಾಶಿ ಹಾಕಿದ ನನ್ನ ಹೆಂಡತಿ, ನನ್ನ ತಟ್ಟೆಗೆ ಬರೀ ಸಾರು ಬಿಟ್ಟಳು.

"ನಿಮ್ ಪಾಲು ಹೋದೊರ್ಸವೇ ತಿಂದಿದ್ದೀರಲ್ಲ" ಅಂದಳು.