ಭಾನುವಾರ, ಎರಡರಿಂದ ಐದು

ಹೋದ ವಾರ ನಮ್ಮ ಕಟ್ಟಡದ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿದ್ದರು. ನೆಲಮಾಳಿಗೆಯ ಒಗೆಯುವ ಕೋಣೆಗೆ ಇನ್ನು ಮುಂದೆ ಮೊಬೈಲಿನಲ್ಲೇ ಸಮಯ ಕಾದಿರಿಸಬೇಕು, ಹಳೆಯ ಹಲಗೆಯನ್ನು ತೆಗೆಯುತ್ತೇವೆ, ಎಲ್ಲರೂ ತಮ್ಮ ತಮ್ಮ ಬೀಗ ತಂದು ಒಪ್ಪಿಸಿ ಎಂದು. ನಮ್ಮ ಬೀಗ ಹುಡುಕುತ್ತ ಅಡುಗೆಮನೆಯ ಖಾನೆ ಎಳೆದೆ. ಮೇಣದಬತ್ತಿ, ದಾರದುಂಡೆ, ಹಳೆಯ ಫೋನ್ ಕಾರ್ಡುಗಳ ಕೆಳಗೆ ನಮ್ಮದು ಸಿಕ್ಕಿತು. ಅದರ ಕೆಳಗೆ ಒಂದು ಲಕೋಟೆ. ಅಂಟು ಬಿಚ್ಚಿರಲಿಲ್ಲ. ವಿಳಾಸ ನನ್ನದೇ ಕೈಬರಹ. ಹೊರಗಿನಿಂದ ಒತ್ತಿದರೇ ತಿಳಿಯುತ್ತದೆ, ಒಳಗೆ ಬೆರಳುದ್ದದ ಹಿತ್ತಾಳೆಯ ಬೀಗ, ಅದರ ಮೇಲೆ ಇಪ್ಪತ್ಮೂರು ಎಂಬ ಅಂಕಿ. ಒತ್ತಿದ್ದೇ ತಡ, ಎಲ್ಲಿತ್ತೋ ಏನೋ, ಒದ್ದೆ ಮಣ್ಣಿನ, ಹುಲ್ಲಿನ ಕಲೆಯ, ಬಿಸಿ ಸೋಪುನೀರಿನ ವಾಸನೆ ಮೂಗಿಗೆ ಬಂದುಬಿಟ್ಟಿತು…

ಈ ಬೀಗದ ಸಂಗತಿ ಗೊತ್ತಿಲ್ಲದವರಿಗೆ ಹೇಳಬೇಕು. ಇಲ್ಲಿನ ಕಟ್ಟಡಗಳಲ್ಲಿ ಮನೆಮನೆಗೆ ಒಗೆಯುವ ಯಂತ್ರ ಇರುತ್ತಿರಲಿಲ್ಲ. ಎಲ್ಲರಿಗೂ ಸೇರಿ ಕೆಳಗೊಂದು ಕೋಣೆ. ಅದರ ಗೋಡೆಯ ಮೇಲೆ ಒಂದು ಹಲಗೆ, ಹಲಗೆಯಲ್ಲಿ ದಿನಕ್ಕಿಷ್ಟು, ಹೊತ್ತಿಗಿಷ್ಟು ಎಂದು ತೂತುಗಳು. ನಿಮಗೆ ಬೇಕಾದ ಹೊತ್ತಿನ ತೂತಿನಲ್ಲಿ ನಿಮ್ಮ ಮನೆಯ ನಂಬರು ಕೆತ್ತಿದ ಬೀಗ ಸಿಕ್ಕಿಸಿ ಕೀ ತಿರುಗಿಸಿದರೆ ಮುಗಿಯಿತು, ಆ ಹೊತ್ತು ನಿಮ್ಮದು. ಬೇರೆ ಯಾರೂ ಅದನ್ನು ತೆಗೆಯುವಂತಿಲ್ಲ. ನಾನು ಮದುವೆಯಾಗಿ ತುಮಕೂರಿನಿಂದ ಸ್ವೀಡನ್ನಿನ ಲಿಂಕೋಪಿಂಗಿಗೆ ಬಂದ ಹೊಸದರಲ್ಲಿ ಈ ಹಲಗೆಗೆ ಹೆದರಿದಷ್ಟು ನಗರಸಭೆಯ ಯಾವ ಕಚೇರಿಗೂ ಹೆದರಿರಲಿಲ್ಲ. ಗೊತ್ತಿಲ್ಲದೆ ಒಂದು ಭಾನುವಾರ ಮಧ್ಯಾಹ್ನ ಬಟ್ಟೆ ಹೊತ್ತು ಕೆಳಗಿಳಿದೆ. ಎರಡು ಯಂತ್ರಗಳಲ್ಲೂ ಕೆಂಪು ಜೆರ್ಸಿಗಳು ಗಿರಗಿರ ತಿರುಗುತ್ತಿದ್ದವು. ಬೆಂಚಿನ ಮೇಲೆ ಕೂತಿದ್ದ ದಪ್ಪ ಕನ್ನಡಕದ ಹೆಂಗಸೊಬ್ಬರು ನನ್ನ ಬುಟ್ಟಿಯನ್ನೂ ಹಣೆಯ ಕುಂಕುಮವನ್ನೂ ನೋಡಿ, ನನ್ನ ಬಾಯಿಂದ ಜಾರಿದ ‘ಅಯ್ಯೋ ದೇವರೇ’ ಕೇಳಿ, ಕನ್ನಡದಲ್ಲೇ ಅಂದರು:

"ಎಂತ ಮಾರಾಯ್ತಿ, ಭಾನುವಾರ ಎರಡರಿಂದ ಐದು ನನ್ನದು. ಇರ್ಲಿ, ಕೂತ್ಕೋ. ಊರು ಎಲ್ಲಿ?"

ಅವರದು ಕರಾವಳಿಯ ಕಲ್ಯಾಣಪುರದ ಕಡೆ. ದೊಡ್ಡಾಸ್ಪತ್ರೆಯಲ್ಲಿ ನರ್ಸು. ಬಂದು ಇಪ್ಪತ್ತೈದು ವರ್ಷವಾಗಿತ್ತು, ಗಂಡ ತೀರಿಕೊಂಡು ಎಂಟು. ಊರಲ್ಲಿ ಎಲ್ಲರೂ ಬಾಯಮ್ಮ ಅನ್ನುತ್ತಾರೆ, ನೀನೂ ಹಾಗೇ ಕರೆ ಅಂದರು. ಆ ಜೆರ್ಸಿಗಳು ವಿಶ್ವವಿದ್ಯಾಲಯದ ಹುಡುಗಿಯರ ಫುಟ್‌ಬಾಲ್ ತಂಡದವು. ಆ ತಂಡದ ಗೋಲ್‌ಕೀಪರ್ ಅವರ ಒಬ್ಬಳೇ ಮಗಳು. ಇಲ್ಲಿ ತಂಡ ಅಂದರೆ ತಂದೆತಾಯಿಯರೂ ದುಡಿಯಬೇಕು. ಯಾರೋ ಸಾಸೇಜು ಸುಡುತ್ತಾರೆ, ಯಾರೋ ಮೈದಾನಕ್ಕೆ ಗೆರೆ ಹಾಕುತ್ತಾರೆ. ಬಾಯಮ್ಮ ಒಗೆಯುವ ಕೆಲಸ ಹಿಡಿದಿದ್ದರು.

ಮ್ಯಾಚು ಮುಗಿದ ಮೇಲೆ ಆ ಹುಡುಗಿಯೂ ಕೆಳಗೆ ಬರುತ್ತಿದ್ದಳು. ಎತ್ತರದ ಹುಡುಗಿ, ಮೊಣಕೈಯಲ್ಲಿ ಯಾವಾಗಲೂ ಒಂದು ತರಚು. ಅಮ್ಮನ ಹತ್ತಿರ ಕೊಂಕಣಿ, ನನ್ನ ಹತ್ತಿರ ಮುರುಕು ಕನ್ನಡ. ಆದರೆ ಭಾನುವಾರ ಮಾತ್ರ ಯಾವ ಭಾಷೆಯೂ ಹೊರಡುತ್ತಿರಲಿಲ್ಲ. ಗೋಲ್‌ಕೀಪರ್ ಆದವಳು ತೊಂಬತ್ತು ನಿಮಿಷ ಕೂಗುತ್ತಲೇ ಇರಬೇಕಂತೆ, ನೀನು ಹಿಂದೆ ಬಾ, ಇವಳನ್ನು ಹಿಡಿ ಎಂದು. ಮ್ಯಾಚು ಮುಗಿಯುವಷ್ಟರಲ್ಲಿ ಗಂಟಲು ಬಿದ್ದು ಬರೀ ಗಾಳಿ ಬರುತ್ತಿತ್ತು. ಬಾಯಮ್ಮ ಫ್ಲಾಸ್ಕಿನಲ್ಲಿ ಮೆಣಸು ಜೀರಿಗೆಯ ಕಷಾಯ ತಂದಿಟ್ಟುಕೊಂಡೇ ಕೂತಿರುತ್ತಿದ್ದರು. ಅವಳು ಮುಖ ಹಿಂಡಿ ಕುಡಿಯುವುದು, ಇವರು ಜೆರ್ಸಿಯ ಕಲೆಗೆ ಸೋಪು ತಿಕ್ಕುತ್ತ "ಗಂಟಲು ಬಿದ್ದಷ್ಟೂ ಒಳ್ಳೇದು, ಆಟ ಜೋರಿತ್ತು ಅಂತ ಅರ್ಥ" ಅನ್ನುವುದು. ಪರದೇಶದಲ್ಲಿ ನನ್ನ ತೌರುಮನೆ ಯಾವುದು ಅಂದರೆ ಆ ಕಿಟಕಿಯಿಲ್ಲದ ಕೋಣೆಯೇ.

ಆ ವರ್ಷಗಳಲ್ಲೇ ಹೊಸ ಲೀಗಿನ ಮಾತು ಕೇಳಿಬಂದದ್ದು. ಸ್ಪೇನಿನ ಕೆಲವು ಊರುಗಳಲ್ಲಿ ಹೆಂಗಸರಿಗೆಂದೇ ಸಂಬಳ ಕೊಡುವ ಲೀಗು. ದೇಶದ ಫುಟ್‌ಬಾಲ್ ಸಂಸ್ಥೆಗಳ ಒಪ್ಪಿಗೆಯಿಲ್ಲದೆ ಯಾರೋ ಹಣವಂತರು ಸೇರಿ ಕಟ್ಟಿದ್ದು. ಹೆಸರಾದ ಆಟಗಾರ್ತಿಯರು ಹೋಗಲು ಹೆದರಿದರು, ಏಕೆಂದರೆ ಅಲ್ಲಿ ಆಡಿದವರು ಎರಡು ವರ್ಷ ಬೇರೆ ಯಾವ ಕ್ಲಬ್ಬಿನಲ್ಲೂ ಆಡುವಂತಿಲ್ಲ ಎಂದು ಆ ಸಂಸ್ಥೆಗಳು ಕಟ್ಟು ಮಾಡಿದ್ದವು. ಹಾಗಾಗಿ ಅವರು ಕಣ್ಣು ಹಾಕಿದ್ದು ವಿಶ್ವವಿದ್ಯಾಲಯಗಳ ಮೈದಾನಗಳ ಮೇಲೆ, ಇನ್ನೂ ಓದುತ್ತಿದ್ದ ಮಕ್ಕಳ ಮೇಲೆ. ಉದ್ದ ಕೋಟಿನ ಒಬ್ಬ ಏಜೆಂಟು ಆ ಶರತ್ಕಾಲದಲ್ಲಿ ಮೂರು ಮ್ಯಾಚು ನೋಡಿದ. ನಾಲ್ಕನೆಯದರ ಮರುದಿನ ಬಾಯಮ್ಮನ ಮನೆಗೇ ಬಂದ. ನನ್ನನ್ನೂ ಕರೆದಿದ್ದರು. ನೀರುದೋಸೆಯನ್ನು ಕರವಸ್ತ್ರ ಮಡಚಿದ ಹಾಗೆ ಮಡಚಿ ತಿನ್ನುತ್ತ ಆತ ಅಂದ, ಓದನ್ನು ನಲವತ್ತರಲ್ಲೂ ಮುಗಿಸಬಹುದು, ಇಪ್ಪತ್ತರ ಕಾಲು ಇಪ್ಪತ್ತರಲ್ಲಿ ಮಾತ್ರ ಇರುತ್ತದೆ ಎಂದು.

ಹುಡುಗಿಗೆ ಎಂಜಿನಿಯರಿಂಗಿನ ಮೂರನೆಯ ವರ್ಷ. ಆತ ಹೋದ ಮೇಲೆ ಬಾಯಮ್ಮ ತಟ್ಟೆ ಎತ್ತುತ್ತ ನನ್ನನ್ನು ಕೇಳಿದರು, "ನೀನು ಹೇಳು, ಎಂತ ಮಾಡುವ?"

ನಾನು ಅಜ್ಜಿಯ ಮಡಿಲಲ್ಲಿ ಮಾತು ಕಲಿತವಳು. ಯಾವುದಕ್ಕೂ ಒಂದು ಗಾದೆ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. "ಬಂದ ಭಾಗ್ಯಾನ ಕಾಲಲ್ಲಿ ಒದೀಬಾರದು ಬಾಯಮ್ಮ" ಅಂದುಬಿಟ್ಟೆ.

ಹುಡುಗಿ ನಕ್ಕಳು. "ಆಂಟಿ, ನಾನು ಗೋಲ್‌ಕೀಪರ್. ನಾನು ಒದೆಯೋದಲ್ಲ, ಹಿಡಿಯೋದು."

ಹೊಸ ವರ್ಷ ಕಳೆದು ಅವಳು ಹೋದಳು. ಅದೇ ತಂಡದಿಂದ ಇನ್ನಿಬ್ಬರನ್ನೂ ಕರೆದೊಯ್ದರು. ಉಳಿದವರ ಜೆರ್ಸಿಗಳು ಭಾನುವಾರ ಬರುತ್ತಲೇ ಇದ್ದವು. ಬಾಯಮ್ಮ ಕೆಲಸ ಬಿಡಲಿಲ್ಲ. ಮಗಳ ಒಂದನೇ ನಂಬರಿನ ಜೆರ್ಸಿಯನ್ನು ಯಾರೂ ಹಾಕದಿದ್ದರೂ ಅದನ್ನೂ ನೀರಿಗೆ ಹಾಕುತ್ತಿದ್ದರು. ಅವಳ ಫೋನು ಬರುವುದೂ ಅದೇ ಹೊತ್ತಿಗೆ, ಮೂರೂವರೆ ಸುಮಾರಿಗೆ. ಯಂತ್ರದ ಸದ್ದಿನ ನಡುವೆ ಬಾಯಮ್ಮ ಒಂದು ಕಿವಿಗೆ ಬೆರಳಿಟ್ಟುಕೊಂಡು ಜೋರಾಗಿ ಮಾತಾಡುತ್ತಿದ್ದರು. ಆ ಕಡೆಯಿಂದ ಬಿದ್ದ ಗಂಟಲಿನ ಗೊಗ್ಗರು ದನಿ ನನಗೂ ಕೇಳುತ್ತಿತ್ತು. ಬಾಯಮ್ಮನ ಮುಖ ಹಿಗ್ಗುತ್ತಿತ್ತು.

ಆಗಸ್ಟಿನ ಕೊನೆಯಲ್ಲಿ ಬಾಯಮ್ಮನಿಗೆ ಮೇದೋಜೀರಕದಲ್ಲಿ ಗಡ್ಡೆ ಇದೆ ಎಂದು ತಿಳಿಯಿತು. ನರ್ಸಲ್ಲವೇ, ಡಾಕ್ಟರು ವಿವರಿಸುವ ಮೊದಲೇ ಅವರಿಗೆ ಎಲ್ಲ ಅರ್ಥವಾಗಿತ್ತು. ಜೆರ್ಸಿ ಮಡಚುತ್ತಲೇ ನನಗೆ ಹೇಳಿದರು. ಕೊನೆಗೆ ಒಂದೇ ಮಾತು: "ಸೀಸನ್ ನವೆಂಬರಿಗೆ ಮುಗೀತದೆ. ಅಲ್ಲಿವರೆಗೆ ಅವಳಿಗೆ ಹೇಳ್ಬೇಡ, ಆಯ್ತಾ? ಗೋಲಿನ ಮುಂದೆ ನಿಂತವಳ ಮನಸ್ಸು ಅತ್ತಿತ್ತ ಹೋಗ್ಬಾರದು." ನಾನು ಮಾತು ಕೊಟ್ಟೆ.

ಅದಾದ ಎರಡು ವಾರಕ್ಕೆ ನನ್ನ ಗಂಡ ಆಫೀಸಿನಿಂದ ಬಂದವರು ಇಂಟರ್ನೆಟ್ಟಿನಲ್ಲಿ ಓದಿದ ಸುದ್ದಿ ಹೇಳಿದರು. ಆ ಲೀಗು ಮುಚ್ಚಿಹೋಗಿತ್ತು. ಹಣ ಹಾಕಿದವರು ಕೈಯೆತ್ತಿದ್ದರು. ನಾನು ಫೋನ್ ಕಾರ್ಡು ತಂದು ಹುಡುಗಿಗೆ ಫೋನ್ ಮಾಡಿದೆ. ಅವಳು ಅತ್ತಳು. ಕಡಲತೀರದ ಒಂದು ಹೋಟೆಲಿನಲ್ಲಿ ಹಾಸಿಗೆಯ ಬಟ್ಟೆ ಬದಲಿಸುವ ಕೆಲಸಕ್ಕೆ ಸೇರಿದ್ದಳು. ಓದು ಬಿಟ್ಟಾಗಿತ್ತು, ಇಲ್ಲಿ ಬಂದರೆ ಎರಡು ವರ್ಷ ಯಾವ ಮೈದಾನಕ್ಕೂ ಇಳಿಯುವಂತಿರಲಿಲ್ಲ. "ಮಮ್ಮಿಗೆ ಹೇಳ್ಬೇಡಿ ಆಂಟಿ, ಪ್ಲೀಸ್. ಕ್ರಿಸ್‌ಮಸ್‌ಗೆ ಬಂದು ನಾನೇ ಹೇಳ್ತೀನಿ."

ಆ ಕ್ಷಣದಲ್ಲಿ ನನ್ನ ಬಾಯಲ್ಲಿ ಒಂದು ಮಾತಿತ್ತು. ನಿನ್ನ ಅಮ್ಮನಿಗೆ ಹುಷಾರಿಲ್ಲ, ಈಗಲೇ ಬಾ… ಇಷ್ಟೇ. ವಿಮಾನದಲ್ಲಿ ನಾಲ್ಕು ಗಂಟೆಯ ದಾರಿ. ನಾನು ಹೇಳಲಿಲ್ಲ. ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಹೊಸ್ತಿಲು ದಾಟಿಸಬೇಡ ಎಂದು ಅಜ್ಜಿ ನನ್ನನ್ನು ಬೆಳೆಸಿದ್ದರು. ನಮ್ಮ ಕೇರಿಯಲ್ಲಿ ಎಲ್ಲರೂ ಅಜ್ಜಿಯ ಹತ್ತಿರವೇ ಬಂದು ಮನಸ್ಸು ಬಿಚ್ಚುತ್ತಿದ್ದರು, ಅವರ ಹೊಟ್ಟೆಗೆ ಹೋದದ್ದು ಹೊರಗೆ ಬರುವುದಿಲ್ಲ ಎಂದು. ನಾನೂ ಅಂಥವಳೇ ಎಂಬ ಹೆಮ್ಮೆ ನನಗಿತ್ತು. ಸುಳ್ಳೇಕೆ ಹೇಳಲಿ, ಹೆಮ್ಮೆಯೇ ಇತ್ತು.

ಹೀಗೆ ಸೆಪ್ಟೆಂಬರು, ಅಕ್ಟೋಬರು ಕಳೆದವು. ಪ್ರತಿ ಭಾನುವಾರ ಮೂರೂವರೆಗೆ ಫೋನು. ಆಡದ ಮ್ಯಾಚಿನ ಸ್ಕೋರು ಅವಳು ಹೇಳುವಳು, ಇಲ್ಲದ ಆರೋಗ್ಯವನ್ನು ಇವರು ಹೇಳುವರು. ಪಕ್ಕದಲ್ಲಿ ನಾನು ಕಾಲುಚೀಲದ ಜೋಡಿ ಹುಡುಕುತ್ತ ಕೂತಿರುತ್ತಿದ್ದೆ.

ನವೆಂಬರಿನಲ್ಲಿ ಬಾಯಮ್ಮನನ್ನು ಅವರೇ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಸೇರಿಸಿದರು. ತಂಡದ ಬಟ್ಟೆ ನಿಲ್ಲಬಾರದು ಎಂದು ಬೀಗದ ಕೀ ನನ್ನ ಕೈಗೆ ಕೊಟ್ಟರು. ಎರಡನೆಯ ಭಾನುವಾರ ಯಂತ್ರಕ್ಕೆ ಬಟ್ಟೆ ಹಾಕಿ ಆಸ್ಪತ್ರೆಗೆ ಹೋದಾಗ ಸರಿಯಾಗಿ ಫೋನು ಬಂತು. ಮಂಚದ ಪಕ್ಕದ ಯಂತ್ರವೊಂದು ಗುಂಯ್‌ಗುಡುತ್ತಿತ್ತು. "ಎಂತ, ಕೇಳುದಿಲ್ಲ, ಮಿಷನ್ ಸೌಂಡು, ಕೆಳಗೆ ಇದ್ದೇನೆ," ಎಂದು ಬಾಯಮ್ಮ ಇದ್ದ ಶಕ್ತಿಯನ್ನೆಲ್ಲ ಸೇರಿಸಿ ನಕ್ಕರು. ಆ ಕಡೆಯಿಂದ ಎರಡು–ಒಂದು ಗೆದ್ದೆವು ಎಂಬ ಮಾತು ನನಗೂ ಕೇಳಿಸಿತು. ಫೋನು ಇಟ್ಟ ಮೇಲೆ ಕಣ್ಣು ಮುಚ್ಚಿಕೊಂಡು ಅಂದರು:

"ಅವಳು ಆಡ್ಲಿಲ್ಲ."

ನಾನು ಅವರ ಹೊದಿಕೆ ಸರಿಪಡಿಸಲು ಹೋದೆ.

"ಗಂಟಲು ಕೇಳಿದ್ಯಾ? ಎಷ್ಟು ಚಂದ ಉಂಟು. ಸೆಪ್ಟೆಂಬರಿಂದ ಹಾಗೇ ಉಂಟು."

"ಮತ್ಯಾಕೆ ಕೇಳ್ಲಿಲ್ಲ ಬಾಯಮ್ಮ?"

"ನಾನು ಕೇಳಿದ್ರೆ ಪಾಪ, ಅವಳು ಇನ್ನೊಂದು ಸುಳ್ಳು ಹೇಳ್ಬೇಕಾಗ್ತದೆ. ಅವಳಾಗೇ ಹೇಳ್ಲಿ ಅಂತ ಕಾಯ್ತಾ ಇದ್ದೆ. ನಂಗೆ ಸಿಟ್ಟೆಲ್ಲ ಇಲ್ಲ." ಆಮೇಲೆ ಕಣ್ಣು ತೆರೆದು ನನ್ನನ್ನೇ ನೋಡಿದರು. "ನಿಂಗೂ ಗೊತ್ತಿತ್ತು, ಅಲ್ವಾ?"

ನಾನು ತಲೆ ತಗ್ಗಿಸಿದೆ.

"ಒಳ್ಳೆಯವಳು ಮಾರಾಯ್ತಿ ನೀನು. ಆದ್ರೆ ನಿನ್ನ ಬಾಯಿಗೆ ಆ ಹಲಗೆಯ ಬೀಗ ಹಾಕಿದ ಹಾಗೆ ಉಂಟು." ನಗಲು ನೋಡಿದರು, ಆಗಲಿಲ್ಲ. "ಫೋನ್ ಮಾಡು. ಸೀಸನ್ ಮುಗೀತು, ಬರ್ಲಿಕ್ಕೆ ಹೇಳು."

ಹೊರಗಿನ ಓಣಿಗೆ ಬಂದು ಫೋನ್ ಮಾಡಿದೆ. ಎರಡು ತಿಂಗಳು ತಡವಾಗಿ.

ಅವಳು ಬಂದದ್ದು ಮಂಗಳವಾರ ಬೆಳಿಗ್ಗೆ. ಅಷ್ಟರಲ್ಲಿ ಮಾರ್ಫಿನ್ ಕೊಟ್ಟು ಬಾಯಮ್ಮನಿಗೆ ಎಚ್ಚರವಿರಲಿಲ್ಲ. ಹುಡುಗಿ ಕೋಟನ್ನೂ ಬಿಚ್ಚದೆ ಮಂಚದ ಪಕ್ಕ ಕೂತು ಕೊಂಕಣಿಯಲ್ಲಿ ಮಾತು ಶುರು ಮಾಡಿದಳು. ಲೀಗು ಮುಚ್ಚಿದ್ದು, ಹೋಟೆಲಿನ ಕೆಲಸ, ಹೇಳಿದ ಒಂದೊಂದು ಸುಳ್ಳು ಸ್ಕೋರು… ನನಗೆ ಅಲ್ಲೊಂದು ಇಲ್ಲೊಂದು ಪದ ತಿಳಿಯುತ್ತಿತ್ತು. ಮಧ್ಯಾಹ್ನವಾಯಿತು, ಹೊರಗೆ ನಾಲ್ಕಕ್ಕೇ ಕತ್ತಲಾಯಿತು, ಅವಳು ನಿಲ್ಲಿಸಲಿಲ್ಲ. ಸಂಜೆ ನೀರು ಕೊಡಲು ಹೋದಾಗ ಅವಳು ನನಗೆ ಏನೋ ಹೇಳಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಗಂಟಲು ಪೂರ್ತಿ ಬಿದ್ದುಹೋಗಿತ್ತು. ನಾನು ತಟ್ಟನೆ ಬಾಯಮ್ಮನ ಮುಖ ನೋಡಿದೆ… ಏನೂ ಇರಲಿಲ್ಲ, ಉಸಿರು ಮಾತ್ರ ಇತ್ತು. ಬುಧವಾರ ಬೆಳಗಿನ ಜಾವಕ್ಕೆ ಅದೂ ನಿಂತಿತು.

ಇಲ್ಲಿಗೆ ಮುಗಿದಿದ್ದರೆ ನಾನು ಹೇಗೋ ತಾಳಿಕೊಳ್ಳುತ್ತಿದ್ದೆನೇನೋ. ಮಣ್ಣು ಮಾಡಿದ ದಿನ ಸ್ಮಶಾನದ ಗೇಟಿನ ಹತ್ತಿರ ಹುಡುಗಿ ನನ್ನ ತೋಳು ಹಿಡಿದು ಕೇಳಿದಳು, "ಆಂಟಿ, ಮಮ್ಮಿಗೆ ಗೊತ್ತಿತ್ತಾ? ನಾನು ಆಡ್ತಿರ್ಲಿಲ್ಲ ಅಂತ?"

ಸಮಾಧಾನ ಮಾಡುವುದೆಂದರೆ ಮುಚ್ಚಿಡುವುದು ಎಂದೇ ಕಲಿತಿದ್ದೆ ನಾನು. "ಇಲ್ಲಮ್ಮ," ಅಂದೆ. "ಅವ್ರಿಗೇನೂ ಗೊತ್ತಿರ್ಲಿಲ್ಲ. ನೀನು ಆಡ್ತಿದೀಯ ಅಂತ ಖುಷಿಯಾಗೇ ಇದ್ರು."

ಅವಳ ಕೈ ನನ್ನ ತೋಳಿನಿಂದ ಜಾರಿತು. "ಹಾಗಾದ್ರೆ ಕೊನೇವರೆಗೂ ನಾನು ಮಮ್ಮಿಗೆ ನಿಜ ಹೇಳ್ಲಿಲ್ಲ," ಅಂದಳು. ಮುಂದೆ ಹೋಗಿ ಬಸ್ಸು ಹತ್ತಿದಳು. ಕರೆದು ಹೇಳಬೇಕಿತ್ತು… ಹೇಳಲಿಲ್ಲ. ಮನೆ ಖಾಲಿ ಮಾಡುವಾಗಲೂ ಇಬ್ಬರೂ ಪಾತ್ರೆ ಕಟ್ಟುವ ಮಾತಷ್ಟೇ ಆಡಿದೆವು.

ಭಾನುವಾರದ ತೂತಿನಲ್ಲಿ ಬಾಯಮ್ಮನ ಇಪ್ಪತ್ಮೂರರ ಬೀಗವನ್ನು ವಸಂತ ಬರುವವರೆಗೂ ನಾನು ಹಾಗೆಯೇ ಬಿಟ್ಟೆ. ಮೂರನೆಯ ಮಹಡಿಯಲ್ಲೊಬ್ಬ ಮುದುಕರಿದ್ದರು, ಯಂತ್ರದ ಜರಡಿಯಲ್ಲಿ ಒಂದು ಎಳೆ ದಾರ ಬಿಟ್ಟರೂ ಸಿಟ್ಟಿನ ಚೀಟಿ ಬರೆದು ಅಂಟಿಸುವವರು. ಅವರೂ ಅದರ ಬಗ್ಗೆ ಒಂದು ಚೀಟಿ ಬರೆಯಲಿಲ್ಲ. ಆ ಹೊತ್ತಿಗೆ ಯಾರೂ ಕೆಳಗಿಳಿಯಲಿಲ್ಲ. ಆ ಮನೆಗೆ ಹೊಸಬರು ಬಂದ ದಿನ ನಾನೇ ಕೀ ತಿರುಗಿಸಿ ತೆಗೆದು ನನ್ನಲ್ಲೇ ಇಟ್ಟುಕೊಂಡೆ.

ಹುಡುಗಿ ನಾರ್ವೆಗೆ ಹೋದಳು. ಎರಡು ಕ್ರಿಸ್‌ಮಸ್‌ಗೆ ಕಾರ್ಡು ಬಂತು, ಮೂರನೆಯದಕ್ಕೆ ಬರಲಿಲ್ಲ. ಆಗ ನನಗೆ ಧೈರ್ಯ ಬಂತು. ಬೀಗದ ಜೊತೆ ಒಂದು ಕಾಗದ ಬರೆದು ಅಂಚೆಗೆ ಹಾಕಿದೆ, ಅವಳಿಗೆ ಓದಲು ಬರುವಂತೆ ನನ್ನ ಹರಕು ಸ್ವೀಡಿಷಿನಲ್ಲಿ. ನಿನ್ನ ಅಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು. ನಿನ್ನ ಗಂಟಲಿನಿಂದ ಗೊತ್ತಾಯಿತು. ಅವರಿಗೆ ಸಿಟ್ಟಿರಲಿಲ್ಲ. ಸುಳ್ಳು ಹೇಳಿದವಳು ನಾನು… ತಿಂಗಳಾದ ಮೇಲೆ ಲಕೋಟೆ ವಾಪಸು ಬಂತು. ಆ ವಿಳಾಸದಲ್ಲಿ ಯಾರೂ ಇಲ್ಲ ಎಂದು ಮೇಲೊಂದು ಹಳದಿ ಚೀಟಿ.

ನಿನ್ನೆ ಬೀಗ ಒಪ್ಪಿಸಲು ಕೆಳಗೆ ಹೋಗಿದ್ದೆ. ಕಟ್ಟಡದ ಕಡೆಯ ಹುಡುಗನೊಬ್ಬ ಹಲಗೆಯ ತಿರುಪು ಬಿಚ್ಚುತ್ತಿದ್ದ. ನಮ್ಮ ಬೀಗ ಡಬ್ಬಿಗೆ ಹಾಕಿಸಿಕೊಂಡು ಪಟ್ಟಿ ನೋಡಿದ. ಇಪ್ಪತ್ಮೂರರ ಮೊದಲಿನ ಬೀಗ ಲೆಕ್ಕಕ್ಕೆ ಸಿಕ್ಕುತ್ತಿಲ್ಲ, ಹಳಬರು ನೀವು, ನಿಮಗೇನಾದರೂ ಗೊತ್ತೇ ಎಂದು ಕೇಳಿದ.

ಗೊತ್ತಿಲ್ಲ ಅಂದೆ. ಲಕೋಟೆ ಕೋಟಿನ ಜೇಬಿನಲ್ಲೇ ಇತ್ತು.

ಹಲಗೆ ಗೋಡೆಯಿಂದ ಕಳಚಿ ಬಂತು. ಅದಿದ್ದ ಜಾಗದಲ್ಲಿ ಗೋಡೆ ಇನ್ನೂ ಹೊಸದರ ಹಾಗೆ ಬೆಳ್ಳಗಿತ್ತು.