ಮಾತ್ರೆಯ ರುಚಿ ನೋಡುತ್ತಿದ್ದ ಚಲಪತಿ ಮೇಷ್ಟ್ರು

ನಮ್ಮ ಚಲಪತಿ ಮೇಷ್ಟ್ರು ಔಷಧಗಳನ್ನು ರುಚಿಯಿಂದಲೇ ಗುರುತಿಸುತ್ತಿದ್ದರು. ಕಣ್ಣು ಮುಚ್ಚಿ ನಾಲಿಗೆ ಚಾಚಿದರೆ, ಅದರ ಮೇಲೆ ಇಟ್ಟ ಮಾತ್ರೆಯ ಚೂರು ಯಾವುದೆಂದು ಹೇಳಿಬಿಡುತ್ತಿದ್ದರು. ಒಮ್ಮೆ ಹುಡುಗರು ಕೀಟಲೆಗೆಂದು ಸೀಮೆಸುಣ್ಣದ ಚೂರನ್ನು ಇಟ್ಟಿದ್ದರಂತೆ. ಮೇಷ್ಟ್ರು ಅದನ್ನೂ ಚಪ್ಪರಿಸಿ, "ಇದು ಎದೆಯುರಿ ಮಾತ್ರೆಯ ಬಡ ನೆಂಟ. ತಿಂದ್ರೆ ಲಾಭ ಇಲ್ಲ, ನಷ್ಟಾನೂ ಇಲ್ಲ" ಎಂದು ಬೋರ್ಡಿನ ಕಡೆ ತಿರುಗಿದರಂತೆ.

ದಂತವೈದ್ಯ ಕಾಲೇಜಿನ ಎರಡನೆಯ ವರ್ಷದಲ್ಲಿ ನಮಗೆ ಔಷಧಶಾಸ್ತ್ರ ಹೇಳಿದವರು ಅವರು. ತೊಂಬತ್ತರ ದಶಕದ ಆರಂಭ. ಹಲ್ಲು ಕೀಳುವುದು, ಹಲ್ಲು ತುಂಬುವುದು ಕಲಿಯಬೇಕೆಂದು ಬಂದ ನಮಗೆ ಔಷಧಗಳ ಉದ್ದುದ್ದ ಹೆಸರುಗಳು ಬೇಡದ ನೆಂಟರಂತೆ ಕಾಣುತ್ತಿದ್ದವು. ಅದು ಗೊತ್ತಿದ್ದೇ ಮೇಷ್ಟ್ರು ಮೊದಲ ದಿನ ಬ್ಲೇಡಿನಿಂದ ಮೆಟ್ರೊನಿಡಜೋಲ್ ಮಾತ್ರೆಗಳನ್ನು ಚೂರು ಮಾಡಿ, ಪ್ರಸಾದ ಹಂಚಿದಂತೆ ನಮ್ಮೆಲ್ಲರ ಅಂಗೈಗೂ ಹಾಕಿದರು. ವಸಡಿನ ಸೋಂಕಿಗೆ ಕೊಡುವ ಮಾತ್ರೆ ಅದು. ನಾಲಿಗೆಗೆ ಇಟ್ಟದ್ದೇ ತಡ, ತುಕ್ಕು ಹಿಡಿದ ಮೊಳೆ ಚೀಪಿದಂಥ ಕಹಿ. ನೀರು ಕುಡಿದರೂ ಹೋಗಲಿಲ್ಲ, ಊಟ ಮಾಡಿದರೂ ಹೋಗಲಿಲ್ಲ.

"ಹೆಂಗಿದೆ? ಮೂರು ಹೊತ್ತೂ ಈ ರುಚಿ ಬಾಯಲ್ಲಿಟ್ಕೊಂಡು ಆ ಮನುಷ್ಯ ಅನ್ನ ತಿನ್ಬೇಕು. ನೀವೇನೋ ಗೀಚಿ ಕೊಟ್ಬಿಡ್ತೀರಿ. ಎರಡು ದಿನ ನುಂಗಿ ಬಿಸಾಕ್ತಾನೆ. ಬಿಸಾಕಿದ್ಮೇಲೆ ಆ ಸೋಂಕು ಬುದ್ಧಿ ಕಲ್ತ್ಕೊಂಡು ವಾಪಸ್ ಬರುತ್ತೆ. ಆಮೇಲೆ ನಿಮ್ಮ ಮಾತ್ರೇನೇ ಅದು ನೆಂಚ್ಕೊಂಡು ತಿನ್ನುತ್ತೆ!"

ಅವರದು ಮುಳಬಾಗಿಲು. ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ತೆಳ್ಳನೆಯ ಮೈ, ತೊಳೆದು ತೊಳೆದು ನೀಲಿ ಉಳಿದ ಬಿಳಿ ಅರ್ಧತೋಳಿನ ಅಂಗಿ, ಕೈಯಲ್ಲಿ ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿ. ನಮ್ಮ ಹೆಸರುಗಳನ್ನು ಅವರು ಕಲಿಯಲೇ ಇಲ್ಲ. ಊರಿನ ಹೆಸರು ಹಿಡಿದು ಕೂಗುತ್ತಿದ್ದರು. ನಾನು "ಶ್ರೀನಿವಾಸಪುರ". ನನ್ನ ಹಿಂದಿನ ಬೆಂಚಿನವನು "ಮಾಲೂರು". ಪಾಠ ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ, ಬೈಗುಳ ಮಾತ್ರ ತೆಲುಗಿನಲ್ಲಿ.

"ಮಾತ್ರೆಗೆ ಹಲ್ಲಿನ ಅಡ್ರೆಸ್ ಗೊತ್ತಿಲ್ಲ ಕಣ್ರೋ" ಎನ್ನುವುದು ಅವರ ಮಾಮೂಲು ಮಾತು. "ಹಲ್ಲಿಗೆ ಅಂತ ನುಂಗಿಸ್ತೀರಿ. ಅದು ಮೈಯೆಲ್ಲಾ ತಿರುಗಾಡ್ಕೊಂಡು ಬರುತ್ತೆ. ದಾರೀಲಿ ಇನ್ಯಾವ ಮಾತ್ರೆ ಸಿಗುತ್ತೋ, ಎರಡೂ ಸೇರಿ ಏನು ಜಗಳ ತೆಗೀತವೋ ನೋಡ್ಕೊಳ್ರಿ."

ಒಂದು ಬೆಳಿಗ್ಗೆ ಕಾಲೇಜಿನ ಆಸ್ಪತ್ರೆಯಲ್ಲಿ ನಮ್ಮ ಮಾಲೂರು, ದವಡೆ ಊದಿಸಿಕೊಂಡು ಬಂದ ಒಬ್ಬ ನಡುವಯಸ್ಸಿನವರನ್ನು ಪ್ರಶ್ನೆ ಕೇಳುತ್ತಿದ್ದ. ಆ ಕಹಿ ಮಾತ್ರೆಯ ಜೊತೆ ಹೆಂಡ ಬಿದ್ದರೆ ವಾಂತಿ, ಎದೆಬಡಿತ ಶುರುವಾಗುತ್ತದೆ, ಹಾಗಾಗಿ ಕೇಳಲೇಬೇಕು. "ಕುಡೀತೀರಾ?" ಎಂದ. "ಛೆ ಛೆ, ಇಲ್ಲ ಸ್ವಾಮಿ" ಎಂದರು ಅವರು. ಮಾಲೂರು ಚೀಟಿ ಬರೆಯಲು ಹೊರಟ. ಹಿಂದೆ ನಿಂತಿದ್ದ ಮೇಷ್ಟ್ರು ಅವನ ಪೆನ್ನು ಹಿಡಿದುಕೊಂಡು, ರೋಗಿಯ ಪಕ್ಕದಲ್ಲಿದ್ದ ಹಿರಿಯರಿಗೆ "ಯಜಮಾನ್ರೇ, ಹೊರಗಡೆ ಒಂದು ಚೀಟಿ ಮಾಡಿಸ್ಕೊಂಡು ಬರ್ತೀರಾ?" ಎಂದರು. ಅವರು ಹೊರಗೆ ಹೋದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ರೋಗಿ ತಲೆ ಕೆರೆದುಕೊಂಡು, "ದಿನಾ ಸಾಯಂಕಾಲ ಸ್ವಲ್ಪ ಸ್ವಾಮಿ. ಅವರು ನಮ್ಮ ಮಾವ" ಎಂದರು.

"ಲೇ ಮಾಲೂರು, ಪ್ರಶ್ನೆ ಕೇಳೋ ಮುಂಚೆ ಪಕ್ಕದಲ್ಲಿ ಯಾರಿದ್ದಾರೆ ನೋಡ್ಬೇಕು ಕಣೋ" ಎಂದರು ಮೇಷ್ಟ್ರು. ಆ ಪಾಠ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ವರ್ಷದ ಕೊನೆಗೆ ಕ್ಯಾನ್ಸರಿನ ಔಷಧಗಳ ಪಾಠ ಬಂತು. ಪರೀಕ್ಷೆ ಹತ್ತಿರವಿತ್ತು. ಮೇಷ್ಟ್ರು ಅದನ್ನು ಒಂದೇ ತರಗತಿಯಲ್ಲಿ ಮುಗಿಸಿದರು. "ಇವು ನಿಮ್ಮ ಕೈಗೆ ಬರೋ ಔಷಧಗಳಲ್ಲ. ಬೇಗ ಬೇಗ ಬೆಳೆಯೋ ಜೀವಕೋಶಗಳನ್ನ ಕೊಲ್ತವೆ. ಬಾಯೊಳಗಿನ ತೊಗಲೂ ಬೇಗ ಬೆಳೆಯೋದೇ, ಹಂಗಾಗಿ ಬಾಯಿ ಹುಣ್ಣಾಗುತ್ತೆ. ಬರ್ಕೊಳ್ಳಿ, ಮುಂದಕ್ಕೆ ಹೋಗೋಣ." ಯಾರೋ, "ಇವನ್ನೂ ರುಚಿ ನೋಡಿದೀರಾ ಸಾರ್?" ಎಂದರು. "ಇವನ್ನ ಮುಟ್ಟೋಕೇ ಕೈಗೆ ಗ್ಲೌಸ್ ಬೇಕು ಕಣಯ್ಯಾ" ಎಂದು ಅವರು ನಕ್ಕರು. ನಾವೂ ನಕ್ಕು ಪುಸ್ತಕ ಮುಚ್ಚಿದೆವು.

ಓದು ಮುಗಿದು, ಮದುವೆಯಾಗಿ, ನಾನು ಮುಳಬಾಗಿಲಿಗೇ ಸೊಸೆಯಾಗಿ ಬಂದೆ. ಪೇಟೆಯಲ್ಲಿ ಒಂದು ಸಣ್ಣ ಕ್ಲಿನಿಕ್ ತೆರೆದೆ. ಮೇಷ್ಟ್ರ ಮನೆ ಎರಡು ಬೀದಿ ಆಚೆ. ಅವರ ಹೆಂಡತಿ ರತ್ನಮ್ಮನವರು ಆಂಧ್ರದ ಪಲಮನೇರಿನ ಕಡೆಯವರು. ಕನ್ನಡ ಚೆನ್ನಾಗಿಯೇ ಆಡುತ್ತಿದ್ದರೂ ಮನಸ್ಸು ತುಂಬಿದಾಗ ತೆಲುಗೇ ಬರುತ್ತಿತ್ತು. ಮಕ್ಕಳಿರಲಿಲ್ಲ. ನಾನು ಹೋದಾಗಲೆಲ್ಲ ಮಡಿಲು ತುಂಬಾ ಕರಿಬೇವು ಕಿತ್ತು ಕೊಡುತ್ತಿದ್ದರು. "ನಿಮ್ಮ ಸಾರು ಊರೋರ ನಾಲಿಗೆಗೆಲ್ಲ ಮಾತ್ರೆ ಇಡ್ತಾರೆ, ಮನೇಲಿ ಸಾರಿಗೆ ಉಪ್ಪು ಜಾಸ್ತಿ ಆಗಿದ್ರೂ ಗೊತ್ತಾಗಲ್ಲ" ಎಂದು ಅವರು ಹೇಳಿದರೆ, ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ "ಊಂ" ಎನ್ನುತ್ತಿದ್ದರು.

ಕೆಲವು ವರ್ಷ ಕಳೆದು ರತ್ನಮ್ಮನವರ ಎದೆಯಲ್ಲಿ ಕ್ಯಾನ್ಸರಿನ ಗಂಟು ಕಾಣಿಸಿಕೊಂಡಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಕೆಲವು ವಾರಗಳಿಗೊಮ್ಮೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬರಬೇಕಿತ್ತು. ನಮಗೆ ಒಂದೇ ತರಗತಿಯಲ್ಲಿ ಮುಗಿಸಿದ ಔಷಧಗಳನ್ನು ಮೇಷ್ಟ್ರು ಈಗ ದಪ್ಪ ದಪ್ಪ ಪುಸ್ತಕ ತರಿಸಿಕೊಂಡು ಓದತೊಡಗಿದರು. ಅಲ್ಲಿನ ಡಾಕ್ಟರುಗಳ ಜೊತೆ ಒಂದೊಂದು ಪ್ರಮಾಣಕ್ಕೂ ಚರ್ಚೆ ಮಾಡುತ್ತಿದ್ದರು. ಆಸ್ಪತ್ರೆಯವರು ಯಾರೂ ರತ್ನಮ್ಮನವರ ಬಾಯಿ ತೆಗೆಸಿ ನೋಡಲಿಲ್ಲ. ಮೇಷ್ಟ್ರೂ ನೋಡಲಿಲ್ಲ.

ಎರಡನೆಯ ಸಲದ ಇಂಜೆಕ್ಷನ್ ಆಗಿ ಒಂದೂವರೆ ವಾರ ಕಳೆದಿರಬೇಕು. ನಮ್ಮ ತವರಿನ ತೋಪಿನಿಂದ ಬಂದ ಮಾವಿನಹಣ್ಣು ತೆಗೆದುಕೊಂಡು ಅವರನ್ನು ನೋಡಲು ಹೋದೆ. ರತ್ನಮ್ಮ ಮಲಗಿದ್ದರು. ಒಂದು ಹಣ್ಣನ್ನು ಕೈಗೆ ತೆಗೆದುಕೊಂಡು ಮೂಸಿ, ಹಾಗೇ ಪಕ್ಕಕ್ಕಿಟ್ಟರು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಕೆನ್ನೆ ಒಂದು ಬದಿ ಊದಿತ್ತು. ಮೈ ಸುಡುತ್ತಿತ್ತು.

"ಇಂಜೆಕ್ಷನ್‌ದು ಕಣಮ್ಮ. ಬಾಯಿ ಹುಣ್ಣಾಗೋದು ಗೊತ್ತಿದ್ದದ್ದೇ" ಎಂದರು ಮೇಷ್ಟ್ರು. "ಮುಂದಿನ ವಾರಕ್ಕೆ ಇಳಿಯುತ್ತೆ."

ಟಾರ್ಚ್ ಹಿಡಿದು ನೋಡಿದೆ. ಬಾಯೆಲ್ಲ ಹಸಿಗಾಯ. ಅಷ್ಟೇ ಆಗಿದ್ದರೆ ಮೇಷ್ಟ್ರ ಮಾತು ಸರಿ ಎನ್ನಬಹುದಿತ್ತು. ಕೆಳದವಡೆಯ ಕೊನೆಯಲ್ಲಿ ಹುಳುಕು ಹಿಡಿದು ಟೊಳ್ಳಾದ ದವಡೆಹಲ್ಲು, ಅದರ ಬುಡದಲ್ಲಿ ಕೀವು. "ಇದು ಯಾವಾಗಿಂದ ನೋಯ್ತಿದೆ ಅಮ್ಮಾ?" ಎಂದೆ. ಅವರು ಗಂಡನ ಮುಖ ನೋಡಿದರು.

"ಸಾರ್, ಒಂದು ಲೋಟ ಉಗುರುಬೆಚ್ಚಗಿನ ನೀರು ಬೇಕಾಗಿತ್ತು" ಎಂದೆ. ಅವರು ಅಡುಗೆಮನೆಗೆ ಹೋದರು.

"ಇಂಜೆಕ್ಷನ್ ಶುರುವಾಗೋ ಮುಂಚೇನೇ ನೋಯ್ತಿತ್ತಮ್ಮಾ" ಎಂದರು ರತ್ನಮ್ಮ, ತುಟಿ ಅಲ್ಲಾಡಿಸಲು ಆಗದೆ. "ಹೇಳ್ದೆ. ಹಲ್ಲುನೋವು ಈಗೊಂದು ದೊಡ್ಡದಾ, ಮೊದ್ಲು ಇದು ಮುಗೀಲಿ ಅಂದ್ರು. ನಿಜಾನೇ ಅಲ್ವಾ?"

"ನೋವಿಗೆ ಏನು ತಗೊಂಡ್ರಿ?"

ದಿಂಬಿನ ಅಡಿಯಿಂದ ಅರ್ಧ ಖಾಲಿಯಾದ ಮಾತ್ರೆಯ ಹಾಳೆ ತೆಗೆದು ತೋರಿಸಿದರು. ಪಕ್ಕದ ಮನೆಯವರ ಕೈಯಲ್ಲಿ ಮೆಡಿಕಲ್ ಶಾಪಿನಿಂದ ತರಿಸಿಕೊಂಡ ನೋವಿನ ಮಾತ್ರೆ. ಎಲ್ಲರ ಮನೆಯಲ್ಲೂ ಇರುವಂಥದ್ದು. "ಆಯನಕಿ ಚೆಪ್ಪೊದ್ದಮ್ಮಾ" ಎಂದು ನನ್ನ ಕೈ ಹಿಡಿದುಕೊಂಡರು. ಅವರಿಗೆ ಹೇಳಬೇಡವಂತೆ. "ಹೇಳದೆ ಇರೋಕಾಗಲ್ಲ ಅಮ್ಮಾ" ಎಂದೆ.

ಜಗಲಿಗೆ ಕರೆದು ಮೇಷ್ಟ್ರಿಗೆ ಹೇಳಿದೆ. ಹಲ್ಲಿನ ಮಾತು ಕೇಳುವಾಗ ನಿಂತೇ ಇದ್ದರು. ಮಾತ್ರೆಯ ಹೆಸರು ಹೇಳಿದಾಗ ಕೂತುಬಿಟ್ಟರು. ನಾನು ವಿವರಿಸುವ ಅಗತ್ಯ ಇರಲಿಲ್ಲ. ಅದನ್ನು ನನಗೆ ಕಲಿಸಿದವರೇ ಅವರು. ರತ್ನಮ್ಮನವರಿಗೆ ಹಾಕುತ್ತಿದ್ದ ಔಷಧಗಳಲ್ಲಿ ಒಂದು ಮೂತ್ರಪಿಂಡದ ಮೂಲಕ ಹೊರಗೆ ಹೋಗಬೇಕು. ನೋವಿನ ಮಾತ್ರೆ ಆ ದಾರಿಗೆ ಅಡ್ಡ ನಿಂತರೆ ಔಷಧ ಮೈಯಲ್ಲೇ ಉಳಿದು, ಮತ್ತಷ್ಟು ಸುಡುತ್ತದೆ.

"ಅದೇ ಕಾರಣ ಅಂತ ಹೇಳೋಕಾಗಲ್ಲ ಸಾರ್" ಎಂದೆ.

"ಅಲ್ಲ ಅಂತಾನೂ ಹೇಳೋಕಾಗಲ್ಲವಲ್ಲಮ್ಮ" ಎಂದರು. "ಹಲ್ಲು ನೋಯ್ತಿದೆ ಅಂದ್ಳು. ನಾನು ಓದ್ತಾ ಕೂತಿದ್ದೆ. ಅವಳ ಔಷಧದ ವಿಚಾರಾನೇ ಓದ್ತಿದ್ದೆ ಕಣಮ್ಮ. ತಲೆ ಎತ್ತಲಿಲ್ಲ."

ಆ ಸಂಜೆಯೇ ಕಾರು ಮಾಡಿಕೊಂಡು ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ರಕ್ತದಲ್ಲಿ ಬಿಳಿಕಣಗಳು ತೀರಾ ಇಳಿದುಹೋಗಿದ್ದವು. ಸೋಂಕಿನ ಎದುರು ನಿಲ್ಲುವ ಶಕ್ತಿಯೇ ಮೈಯಲ್ಲಿರಲಿಲ್ಲ; ಅಂಥ ಸ್ಥಿತಿಯಲ್ಲಿ ಹಲ್ಲು ಕೀಳುವಂತಿಲ್ಲ. ನರಕ್ಕೆ ಆಂಟಿಬಯಾಟಿಕ್ ಕೊಟ್ಟು ಕಾಯುವುದೊಂದೇ ದಾರಿ. ಜ್ವರ ಇಳಿಯುವವರೆಗೆ ಮೇಷ್ಟ್ರು ಅಲ್ಲಿಂದ ಕದಲಲಿಲ್ಲ. ಬಾಯಿ ಮುಕ್ಕಳಿಸಲು ಉಪ್ಪು, ಅಡುಗೆ ಸೋಡ ಕದಡಿದ ನೀರು. ಕುಡಿಯಲು ತಣ್ಣಗಾದ ಗಂಜಿ. ಪ್ರತಿಯೊಂದನ್ನೂ ಮೊದಲು ತಮ್ಮ ನಾಲಿಗೆಗೆ ಹಾಕಿ ನೋಡಿ, ಉರಿಯುವುದಿಲ್ಲ ಅನ್ನಿಸಿದ ಮೇಲೆ ಚಮಚೆಯಲ್ಲಿ ಹೆಂಡತಿಗೆ ಕೊಡುತ್ತಿದ್ದರು. ಆದರೂ ಆಕೆ ಮುಖ ಹಿಂಡುತ್ತಿದ್ದರು. ಹುಣ್ಣಿಲ್ಲದ ನಾಲಿಗೆಗೆ ಹುಣ್ಣಿನ ಬಾಯಿಯ ಉರಿ ಹೇಗೆ ಗೊತ್ತಾಗಬೇಕು?

ರತ್ನಮ್ಮ ಚೇತರಿಸಿಕೊಂಡರು. ರಕ್ತ ಸರಿಹೋದ ಮೇಲೆ ಆ ಹಲ್ಲನ್ನು ನಾನೇ ಕಿತ್ತೆ. ಕೆಲವೇ ನಿಮಿಷದ ಕೆಲಸ. ಮೊದಲೇ ಆಗಬಹುದಾಗಿತ್ತು ಎಂಬುದನ್ನು ಅಲ್ಲಿದ್ದ ಮೂವರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಉಳಿದ ಇಂಜೆಕ್ಷನ್‌ಗಳಿಗೆ ಬೆಂಗಳೂರಿಗೆ ಹೊರಡುವ ಮಾತು ಬಂದಾಗ ರತ್ನಮ್ಮ, "ಚಾಲಂಡಿ" ಎಂದರು. ಸಾಕು. ಮತ್ತೆ ಆ ಬಾಯಿಹುಣ್ಣು ಬೇಡ ಎಂದರು. ನಾನು ಎಷ್ಟೋ ಹೇಳಿ ನೋಡಿದೆ. ಡಾಕ್ಟರುಗಳ ಜೊತೆ ಒಂದೊಂದು ಪ್ರಮಾಣಕ್ಕೂ ವಾದ ಮಾಡುತ್ತಿದ್ದ ಮೇಷ್ಟ್ರು ಹೆಂಡತಿಯ ಎದುರು ಬಾಯಿ ತೆರೆಯಲಿಲ್ಲ. "ನೀವು ಒಂದು ಮಾತು ಹೇಳಿ ಸಾರ್, ಒಪ್ತಾರೆ" ಎಂದೆ. "ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದರು. ಮರುವರ್ಷ ಮಾವಿನ ಕಾಲಕ್ಕೆ ರತ್ನಮ್ಮ ನಮ್ಮ ತೋಪಿನ ಹಣ್ಣನ್ನು ಮೊಣಕೈವರೆಗೆ ರಸ ಸುರಿಸಿಕೊಂಡು ತಿಂದರು. ಅದರ ಮುಂದಿನ ಕಾಲಕ್ಕೆ ಅವರಿರಲಿಲ್ಲ. ಚಿಕಿತ್ಸೆ ಪೂರ್ತಿಯಾಗಿದ್ದರೆ ಬದುಕುತ್ತಿದ್ದರೇ? ಯಾರಿಗೂ ಗೊತ್ತಿಲ್ಲ. ಮೇಷ್ಟ್ರು ಮಾತ್ರ ಗೊತ್ತಿದೆ ಎಂಬಂತೆ ಬದುಕಿದರು.

ನಿವೃತ್ತರಾಗುವವರೆಗೆ ಅವರು ಕ್ಯಾನ್ಸರಿನ ಔಷಧಗಳ ಪಾಠವನ್ನು ವರ್ಷದ ಮೊದಲಲ್ಲೇ ಮಾಡುತ್ತಿದ್ದರಂತೆ, ವಾರಗಟ್ಟಲೆ. "ಇಂಜೆಕ್ಷನ್‌ಗೆ ಮುಂಚೆ ಬಾಯಿ ನೋಡಿ. ಕೀಳೋ ಹಲ್ಲಿದ್ರೆ ಮುಂಚೆ ಕಿತ್ತು, ಗಾಯ ಮಾಯೋಕೆ ಬಿಡಿ. ನೋವಿಗೆ ಏನು ನುಂಗ್ತಿದ್ದಾರೆ ಕೇಳಿ" ಎಂದು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದರೆಂದು ನನ್ನ ನಂತರ ಅವರ ಬಳಿ ಓದಿದ ಕಿರಿಯರೊಬ್ಬರು ಹೇಳಿದರು.

ನಿವೃತ್ತಿಯ ಮೇಲೆ ಅವರು ಇನ್ನೊಂದು ಕೆಲಸ ಹಿಡಿದರು. ಸುತ್ತಲಿನ ತಾಯಲೂರಿನಲ್ಲೋ ದೇವರಾಯಸಮುದ್ರದಲ್ಲೋ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ, ಆ ರೋಗಿ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಮೇಷ್ಟ್ರು ಅವರ ಮನೆಗೇ ಹೋಗಿ ನನ್ನ ಹತ್ತಿರ ಕರೆತರುತ್ತಿದ್ದರು. ಕೆಲವರು ಬಾಗಿಲಲ್ಲೇ ಬೈದು ಕಳಿಸುತ್ತಿದ್ದರು. "ಜೀವದ ಚಿಂತೆ ನಮಗೆ, ಹಲ್ಲು ನೋಡೋಕೆ ಬಂದಿದಾನೆ ಈ ಮುದುಕ" ಎಂದವರೂ ಉಂಟು. ಮೇಷ್ಟ್ರು ಮರುದಿನ ಮತ್ತೆ ಹೋಗುತ್ತಿದ್ದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದೂ ಹಾಗೆಯೇ. ಅವರು ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಮೊದಲು, ಕುರುಡುಮಲೆಯ ಕಡೆಯ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದಿದ್ದರು. ಎರಡು ಹಲ್ಲು ಕಿತ್ತೆ. ಆಕೆ ಒಳಗೆ ಕುರ್ಚಿಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ ನಾನು ಹೊರಗೆ ಬಂದು ಮೇಷ್ಟ್ರ ಪಕ್ಕದಲ್ಲಿ ಕೂತೆ. ಅವರು ತುಂಬಾ ಇಳಿದುಹೋಗಿದ್ದರು.

"ಎಷ್ಟು ಜನರನ್ನ ಕರ್ಕೊಂಡು ಬಂದ್ರಿ ಸಾರ್. ಇನ್ನಾದ್ರೂ ಮನಸ್ಸಿಗೆ ಸಮಾಧಾನ ತಂದ್ಕೊಳ್ಳಿ" ಎಂದೆ. "ಅಮ್ಮಾವ್ರು ಒಂದು ದಿನಾನೂ ನಿಮ್ಮನ್ನ ದೂರಲಿಲ್ಲ."

"ಅದೇ ಕಣಮ್ಮ" ಎಂದರು. "ದೂರಿದ್ದಿದ್ರೆ ನಾನೂ ಏನೋ ಒಂದು ಅಂತಿದ್ದೆ. ಅವಳೂ ಒಂದು ಅಂತಿದ್ಳು. ಜಗಳ ಆಗಿ ಮುಗಿದುಹೋಗ್ತಿತ್ತು. ಈಗ ಮುಗಿಯೋದೇ ಇಲ್ಲ."

ಒಳಗಿನಿಂದ ಆ ಹೆಂಗಸು ಹತ್ತಿ ಕಚ್ಚಿಕೊಂಡು ನಿಧಾನವಾಗಿ ಬಂದರು. ಮೇಷ್ಟ್ರು ಎದ್ದು ಅವರ ಚೀಲ ತೆಗೆದುಕೊಂಡರು. ಇಬ್ಬರೂ ಬೀದಿಯ ನೆರಳಿನ ಬದಿ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು.